ಯಾನ್ ಮೇಸ್ತ್ರಿಯ ಎಡಕಿವಿ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಬೋಗುಣಿ ಬಿಸಿನೀರು.

ಯಾನ್ ಶೌಗೆನ್ ಚೀನಾದ ಚೆಂಗ್ದುವಿನ ಬೆಳ್ಳಕ್ಕಿ ಚಹಾಮನೆಯ ಕಿವಿ ಮೇಸ್ತ್ರಿ. ಪಾರ್ಕಿನ ಕೆರೆದಂಡೆಯಲ್ಲಿ ಬಿದಿರು ಕುರ್ಚಿ ಹಾಕಿಕೊಂಡು ಕಾಲು ಚಾಚಿ ಚಹಾ ಹೀರುವವರ ಕಿವಿಯಿಂದ ಗುಗ್ಗೆ ತೆಗೆಯುವುದು ಮೂವತ್ತೊಂದು ವರ್ಷದಿಂದ ಅವನ ಕಸುಬು. ಆ ದಿನ ಬೆಳಿಗ್ಗೆ ಹೆಂಡತಿ ಶ್ಯೂಮೇಯ್ ಅವನನ್ನು ಬಲವಂತವಾಗಿ ತಲೆಸ್ನಾನಕ್ಕೆ ಕೂರಿಸಿದಳು. ಮಧ್ಯಾಹ್ನ ಮೂರಕ್ಕೆ ಸಂಸ್ಕೃತಿ ಕಚೇರಿಯವರು ಬರುವವರಿದ್ದರು. ಊರಿನ ಹಳೇ ಕಸುಬುಗಳಿಗೆಂದು ಹೊಸದಾಗಿ ಕಟ್ಟಿದ ಭವನದಲ್ಲಿ ಕಿವಿ ಕೆಲಸಕ್ಕೂ ಒಂದು ಗೋಡೆ ಬಿಟ್ಟಿದ್ದರು. ಆ ಗೋಡೆಯ ಮೇಲೆ ಕರಿಮರದ ಹಲಗೆಯಲ್ಲಿ ಒಬ್ಬನೇ ಒಬ್ಬ ಮೇಸ್ತ್ರಿಯ ಹೆಸರು ಕೆತ್ತುವುದೆಂದು ತೀರ್ಮಾನವಾಗಿತ್ತು. ಒಂದೋ ಯಾನ್, ಇಲ್ಲವೇ ಕೆರೆಯಾಚೆ ಬಿದಿರು ಮೆಳೆಯ ಹಿಂದೆ ಕೂರುವ ಪಾಂಗ್. ಇಬ್ಬರ ಕೈಗೂ ಕಿವಿ ಕೊಟ್ಟು ನೋಡಿ ಕಚೇರಿಯವರು ಆರಿಸುವವರಿದ್ದರು.

ಪಾಂಗ್ ಮತ್ತು ಯಾನ್ ಒಬ್ಬನೇ ಗುರುವಿನ ಬಳಿ ಕಲಿತವರು. ಹನ್ನೊಂದು ವರ್ಷದ ಹಿಂದೆ ಗುರು ತೀರಿಕೊಂಡ ವಾರದಲ್ಲೇ ಯಾನ್ ನಾಲ್ಕು ಜನರ ಎದುರು, ಪಾಂಗ್‌ನ ಕೈ ಕಡಲೆಕಾಯಿ ಸುಲಿಯಲಿಕ್ಕಷ್ಟೇ ಲಾಯಕ್ಕು ಎಂದುಬಿಟ್ಟ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಕೆರೆ ನಡುವೆ ಇದೆ, ಅದೊಂದು ಅನುಕೂಲ.

ಕಿವಿ ಮೇಸ್ತ್ರಿಗೆ ಒಂದು ತೊಂದರೆ ಉಂಟು. ಊರಿನವರ ಕಿವಿಯೆಲ್ಲ ಅವನ ಕಣ್ಣಿಗೆ ಕಾಣುತ್ತದೆ, ತನ್ನದು ಕಾಣುವುದಿಲ್ಲ. ಗುರು ಇದ್ದಷ್ಟು ದಿನ ಯಾನ್‌ನ ಕಿವಿಯನ್ನು ಗುರುವೇ ನೋಡುತ್ತಿದ್ದ. ಅವನು ಹೋದ ಮೇಲೆ ಯಾನ್ ತನ್ನ ಕಿವಿಯನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಕೊಡಬೇಕೆಂದರೆ ಪಾಂಗ್‌ಗೆ ಕೊಡಬೇಕಿತ್ತು. ಹನ್ನೊಂದು ವರ್ಷ ಸೇರಿದ್ದೆಲ್ಲ ಒಳಗೆ ತಣ್ಣಗೆ ಮಲಗಿತ್ತು. ಶ್ಯೂಮೇಯ್ ಸುರಿದ ಬಿಸಿನೀರು ಅದನ್ನು ಎಬ್ಬಿಸಿತು. ಉಬ್ಬಿತು, ಎಡಕಿವಿ ಗಪ್ಪೆಂದು ಮುಚ್ಚಿಹೋಯಿತು.

ತಲೆ ಒರೆಸಿಕೊಂಡ, ಕುಟ್ಟಿಕೊಂಡ, ಆಕಳಿಸಿದ. ಗಂಜಿಗೆ ನೆಂಚಿಕೊಂಡ ಉಪ್ಪಿನ ಮೂಲಂಗಿ ಕಚ್ಚಿದರೆ ತಲೆಯೊಳಗೆ ಜಲ್ಲಿ ಲಾರಿ ಹೋದಂತಾಯಿತು. ತನ್ನ ಕಸುಬಿನ ಎರಡು ಕವಲಿನ ಕಬ್ಬಿಣದ ಕವೆಗೋಲನ್ನು ಮೀಟಿ ನೋಡಿದ. ಎಡಕಿವಿಯ ಪಕ್ಕದಲ್ಲಿ ಗುಂಯ್‌ಗುಡಬೇಕಾದದ್ದು ಪಕ್ಕದ ಬೀದಿಯಲ್ಲಿ ಯಾರೋ ಮೀಟಿದ ಹಾಗೆ ಕೇಳಿತು. ಗಿರಾಕಿಯ ಕಿವಿಯಲ್ಲಿಟ್ಟ ಕಡ್ಡಿಗೆ ಅದನ್ನು ತಾಗಿಸಿದಾಗ ಬರುವ ಗುಂಯ್‌ಗುಡುವಿಕೆಯಲ್ಲೇ ಗುಗ್ಗೆ ಎಷ್ಟು ಸಡಿಲವಾಗಿದೆ ಎಂದು ತಿಳಿಯುವುದು. ಒಂದೇ ಕಿವಿಯಲ್ಲಿ ಅದರ ಅಂದಾಜು ಸಿಗುವುದಿಲ್ಲ. ಮೂರು ಗಂಟೆಗೆ ಅಧಿಕಾರಿಗಳ ಕಿವಿಗೆ ಕೈ ಹಾಕಬೇಕು. ಯಾನ್ ಗಂಜಿ ಅರ್ಧಕ್ಕೆ ಬಿಟ್ಟು ಎದ್ದ.

ಚಹಾಮನೆಗೆ ಹೋದವನೇ ಯಜಮಾನಿ ತಾಂಗ್ ಅಕ್ಕನನ್ನು ಒಲೆಯ ಹಿಂದಕ್ಕೆ ಕರೆದು ಗುಟ್ಟಾಗಿ ವಿಷಯ ಹೇಳಿದ. ಕಿವಿ ಮುಚ್ಚಿದವನಿಗೆ ತನ್ನ ದನಿ ತನಗೇ ತಮಟೆಯಂತೆ ಕೇಳುತ್ತದೆ. ಹಾಗಾಗಿ ತಾನು ಕೂಗುತ್ತಿದ್ದೇನೆಂದು ಹೆದರಿ ಎಷ್ಟು ಮೆಲ್ಲಗೆ ಹೇಳಿದನೆಂದರೆ ತಾಂಗ್ ಅಕ್ಕನಿಗೆ ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಏನಂದೆ ಎಂದಳು. ಮತ್ತೆ ಹೇಳಿದ. ಮತ್ತೆ ಏನಂದೆ ಎಂದಳು. ನಾಲ್ಕನೇ ಸಲಕ್ಕೆ ಅವಳಿಗೆ ಅರ್ಥವಾಗಿ, ಸರಿಯಾಗಿ ತಿಳಿಯಿತೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ತನ್ನ ಮಾಮೂಲಿ ದನಿಯಲ್ಲಿ ಕೇಳಿದಳು.

"ಕಿವಿ ಕಟ್ಕೊಂಡಿದ್ಯಾ ಮೇಸ್ತ್ರಿ? ನಿಂಗಾ?"

ತಾಂಗ್ ಅಕ್ಕನ ಮಾಮೂಲಿ ದನಿ ನಲವತ್ತು ಮೇಜಿಗೆ ಬಿಸಿನೀರು ಬಂತೆಂದು ಕೂಗಿ ಕೂಗಿ ಹದಗೊಂಡದ್ದು. ಬಿಲ್ಲೆ ಜೋಡಿಸಿ ಮಾಜಾಂಗ್ ಆಡುತ್ತಿದ್ದ ಹೆಂಗಸರ ಕೈ ನಿಂತಿತು. ಹಕ್ಕಿ ಪಂಜರ ತೂಗುಹಾಕುತ್ತಿದ್ದ ನಿವೃತ್ತ ಬಸ್ ಡ್ರೈವರ್ ಹೌ ಅಜ್ಜ ಪಂಜರ ಕೆಳಗಿಟ್ಟು ಎದ್ದೇ ಬಂದ.

ಮುಂದಿನ ಅರ್ಧ ಗಂಟೆಯಲ್ಲಿ ಯಾನ್‌ಗೆ ಸಿಕ್ಕ ಸಲಹೆಗೆ ಲೆಕ್ಕವಿಲ್ಲ. ಒಬ್ಬಾಕೆ ಎಳ್ಳೆಣ್ಣೆ ಬಿಡು ಎಂದಳು. ಇನ್ನೊಬ್ಬಾಕೆ ಎಳ್ಳೆಣ್ಣೆ ಕೊಟ್ಟೇಬಿಟ್ಟಳು, ಅದರಲ್ಲಿ ಖಾರದ ವಾಸನೆ ಇತ್ತು. ಹೌ ಅಜ್ಜನದು ಒಂದೇ ಮಾತು. ಕಿವಿ ಕೆಳಗೆ ಮಾಡಿ ಒಂಟಿಕಾಲಲ್ಲಿ ಕುಣಿ, ನೀರು ಇಳಿದರೆ ಗುಗ್ಗೆಯೂ ಇಳಿಯುತ್ತದೆ. ತನ್ನ ಬಸ್ಸಿನ ಪೆಟ್ರೋಲ್ ಪೈಪನ್ನು ಹಾಗೇ ಬಿಡಿಸುತ್ತಿದ್ದನಂತೆ. ಬಸ್ಸು ಹೇಗೆ ಕುಣಿಯುತ್ತಿತ್ತು ಎಂದು ಕೇಳುವ ತಾಳ್ಮೆ ಯಾನ್‌ಗೆ ಇರಲಿಲ್ಲ.

ಯಾರೂ ಕಾಣದ ಜಾಗವೆಂದು ಕೆರೆಯ ಮೂಲೆಗೆ ಹೋಗಿ, ತಲೆ ಎಡಕ್ಕೆ ವಾಲಿಸಿ, ಎಡಗಾಲಲ್ಲಿ ಕುಣಿಯತೊಡಗಿದ. ಆ ಪಾರ್ಕಿನಲ್ಲಿ ಬೆಳಗಿನ ಹೊತ್ತು ಒಬ್ಬನೇ ಏನನ್ನೂ ಮಾಡಲು ಆಗುವುದಿಲ್ಲ, ವ್ಯಾಯಾಮವೆಂದು ಯಾರಾದರೂ ಸೇರಿಕೊಳ್ಳುತ್ತಾರೆ ಎಂಬುದನ್ನು ಅವನು ಮರೆತಿದ್ದ. ಇಪ್ಪತ್ತು ಸಲ ಕುಣಿದು ತಿರುಗಿ ನೋಡಿದರೆ ಹಿಂದೆ ಆರು ಜನ ನಿವೃತ್ತ ಹೆಂಗಸರು ಸಾಲಾಗಿ ನಿಂತು, ತಲೆ ಎಡಕ್ಕೆ ವಾಲಿಸಿ, ಒಂಟಿಕಾಲಲ್ಲಿ ಕುಣಿಯುತ್ತಿದ್ದರು. ಇದು ಪಿತ್ತಕೋಶಕ್ಕೋ ಮಂಡಿಗೋ ಎಂದು ಮುಂದಿದ್ದವಳು ವಿಚಾರಿಸಿದಳು. ಯಾನ್ ನಿಲ್ಲಿಸಿದ. ಅವರೂ ನಿಲ್ಲಿಸಿದರು. ಬಲಗಾಲಿನ ಸರದಿ ಯಾವಾಗ ಎಂದು ಕಾಯುತ್ತ ನಿಂತರು. ಅವನು ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಆಸ್ಪತ್ರೆಯ ಹಾದಿ ಹಿಡಿದ.

ಕಿವಿ ಡಾಕ್ಟರು ಎಳೆ ವಯಸ್ಸಿನ ಹೆಣ್ಣುಮಗಳು. ಯಾನ್ ತನ್ನ ಸಾಮಾನಿನ ಪೆಟ್ಟಿಗೆಯನ್ನು ಕೋಟಿನೊಳಗೆ ಮುಚ್ಚಿಟ್ಟುಕೊಂಡು, ಉದ್ಯೋಗ ಹಮಾಲಿ ಎಂದು ಬರೆಸಿ ಒಳಗೆ ಹೋದ. ಅವಳು ಇಣುಕಿ ನೋಡಿ, ಗುಗ್ಗೆ ಕಲ್ಲಾಗಿದೆ, ಔಷಧ ಬಿಟ್ಟು ನಾಲ್ಕು ದಿನ ನೆನೆಸಿ ಆಮೇಲೆ ತೆಗೆಯಬೇಕು ಎಂದಳು. ಮೂರು ಗಂಟೆಯೊಳಗೆ ಆಗದೇ ಎಂದು ಕೇಳಿದ್ದಕ್ಕೆ ನಕ್ಕಳು.

"ಈ ಪಾರ್ಕಲ್ಲಿ ಕೂತು ಕಿವಿ ಕೆರೀತಾರಲ್ಲ, ಅವರ ಹತ್ರ ಏನಾದ್ರೂ ಹೋಗಿದ್ರಾ?"

"ಇಲ್ಲ," ಎಂದ ಯಾನ್.

"ಹೋಗ್ಲೇಬೇಡಿ. ಇದ್ದದ್ದನ್ನ ಒಳಗೆ ತಳ್ಳಿಬಿಡ್ತಾರೆ, ಅಷ್ಟೇ ಅವರಿಗೆ ಗೊತ್ತಿರೋದು."

ಯಾನ್‌ಗೆ ಮೈಯೆಲ್ಲ ಉರಿದುಹೋಯಿತು. ಆದರೆ ಹಮಾಲಿಗೆ ಅದರಲ್ಲಿ ಉರಿಯುವಂಥದ್ದೇನಿದೆ? ಹೌದು ಹೌದು ಎಂದು ತಲೆಯಾಡಿಸಿದ. ಅವಳು ಮೊದಲ ಹನಿಗಳನ್ನು ತಾನೇ ಬಿಟ್ಟಳು. ಅವು ಒಳಗೆ ಬುಸಬುಸ ಎಂದು ನೊರೆಯೆದ್ದು, ಅದುವರೆಗೆ ಹೇಗೋ ನುಸುಳುತ್ತಿದ್ದ ಅಷ್ಟಿಷ್ಟು ಸದ್ದಿಗೂ ಬಾಗಿಲು ಹಾಕಿದವು.

ಪಾರ್ಕಿಗೆ ಮರಳಿದಾಗ ಎರಡು ಗಂಟೆ. ಯಾನ್ ಕೆರೆಯ ಈಚೆ ನಿಂತು ಆಚೆ ನೋಡಿದ. ಕರಿಮರದ ಹಲಗೆಯ ಮೇಲೆ ಹೆಸರು ಕಾಣುವುದೇ ಅವನ ಬದುಕಿನ ಏಕೈಕ ಆಸೆಯಾಗಿತ್ತು. ಮಕ್ಕಳಿಲ್ಲ, ಶಿಷ್ಯರು ನಿಲ್ಲಲಿಲ್ಲ. ತಾನು ಸತ್ತ ಮೇಲೆ ಈ ಊರಿನಲ್ಲಿ ತನ್ನ ಹೆಸರು ಹೇಳುವುದಕ್ಕೆ ಆ ಹಲಗೆ ಬಿಟ್ಟರೆ ಇನ್ನೇನೂ ಇರಲಿಲ್ಲ. ಆ ಹೆಸರಿಗಾಗಿ ಈಗ ಕಡಲೆಕಾಯಿ ಸುಲಿಯುವ ಕೈಗೆ ಕಿವಿ ಒಡ್ಡಬೇಕು. ಮರ್ಯಾದೆಯನ್ನೆಲ್ಲ ಮಡಚಿ ಜೇಬಿಗೆ ಹಾಕಿಕೊಂಡು ಅವನು ಸೇತುವೆ ದಾಟಿದ.

ಪಾಂಗ್ ಅವನನ್ನು ಕಂಡು ಎದ್ದು ನಿಂತ. "ಬಾ ಅಣ್ಣ," ಎಂದ. ಹನ್ನೊಂದು ವರ್ಷದ ಮೇಲೆ ಅದು ಮೊದಲ ಮಾತು.

"ಯಾರಿಗೂ ಗೊತ್ತಾಗಬಾರದು," ಎಂದ ಯಾನ್.

"ಗಿರಾಕಿ ಕಿವಿಲಿ ಕಂಡಿದ್ದು ನನ್ನ ಬಾಯಿಗೆ ಬರಲ್ಲ. ಗುರುಗಳು ಇಬ್ಬರಿಗೂ ಅದನ್ನೇ ತಾನೆ ಹೇಳ್ಕೊಟ್ಟಿದ್ದು. ಮಲಕ್ಕೋ."

ಯಾನ್ ಒರಗಿದ. ಪಾಂಗ್ ಹಣೆಗೆ ದೀಪ ಕಟ್ಟಿಕೊಂಡ. ಊಟದ ಕಡ್ಡಿಯಷ್ಟು ಉದ್ದದ ಕಬ್ಬಿಣದ ಸವಟು ಕಿವಿಯ ಬಾಯಿಗೆ ಬಂದಾಗ, ಇಷ್ಟು ವರ್ಷ ಪಾಂಗ್ ಬಗ್ಗೆ ತಾನು ಆಡಿದ ಮಾತೆಲ್ಲ ಒಂದೊಂದಾಗಿ ನೆನಪಾಗಿ ಯಾನ್ ಕುರ್ಚಿಯ ತೋಳು ಬಿಗಿಹಿಡಿದ. ಈಗೊಂದು ಸಣ್ಣ ತಿವಿತ ಸಾಕು, ಹಲಗೆಯೂ ಇಲ್ಲ, ಕಿವಿಯೂ ಇಲ್ಲ.

ತಿವಿತ ಬರಲಿಲ್ಲ. ಸವಟು ಇಬ್ಬನಿಯಷ್ಟು ಹಗುರಾಗಿ ಒಳಗೆ ಇಳಿಯಿತು. ಸುತ್ತಲೂ ಬಿಡಿಸಿತು, ನಿಂತಿತು, ಕಾದಿತು, ಮತ್ತೆ ಬಿಡಿಸಿತು. ಪಾಂಗ್ ಕವೆಗೋಲು ಮೀಟಿ ಸವಟಿನ ಹಿಡಿಗೆ ತಾಗಿಸಿದಾಗ ತಲೆಯೊಳಗೆ ಎಲ್ಲೋ ಒಂದು ದೊಡ್ಡ ಬಂಡೆ ಅಲುಗಿತು. ಯಾನ್‌ಗೆ ನಾಚಿಕೆಯಾಗುವಷ್ಟು ಸುಖವಾಯಿತು, ಕಣ್ಣಲ್ಲಿ ನೀರು ಬಂತು. ಈ ಕೈ ತನ್ನ ಕೈಗಿಂತ ಚೆನ್ನಾಗಿದೆ ಎಂಬುದು ಅವನಿಗೆ ಅಲ್ಲೇ ತಿಳಿಯಿತು. ಗುರುವಿನ ಕೈ ಅದು. ಆಮೇಲೆ ಪಟಕ್ಕೆಂದಿತು, ಲೋಕವೆಲ್ಲ ಒಟ್ಟಿಗೆ ಒಳಕ್ಕೆ ನುಗ್ಗಿತು. ಬಿದಿರೆಲೆಯ ಸದ್ದು, ಮಾಜಾಂಗ್ ಬಿಲ್ಲೆಗಳು, ಹೌ ಅಜ್ಜನ ಹಕ್ಕಿ.

ಜೊತೆಗೆ ಚಪ್ಪಾಳೆ. ಮೆಳೆಯ ಹಿಂದೆ ಹೌ ಅಜ್ಜ, ತಾಂಗ್ ಅಕ್ಕ, ಮಾಜಾಂಗ್ ಮೇಜಿನವರು, ಕುಣಿದ ಹೆಂಗಸರು ಎಲ್ಲ ಕತ್ತು ಉದ್ದ ಮಾಡಿಕೊಂಡು ನಿಂತಿದ್ದರು. ಬಿಳಿ ಕಾಗದದ ಮೇಲೆ ಪಾಂಗ್ ಇಟ್ಟದ್ದು ಸಿಪ್ಪೆ ಸಮೇತ ಕಡಲೆಕಾಯಿಯಷ್ಟಿತ್ತು. ಯಾನ್ ಕೈಮುಗಿದು ಬೇಡಿಕೊಂಡ ಮೇಲೆ, ಸಂಜೆಯವರೆಗೆ ಬಾಯಿ ಬಿಡುವುದಿಲ್ಲವೆಂದು ಹದಿನಾಲ್ಕು ಜನ ಮಾತು ಕೊಟ್ಟರು.

ಅಧಿಕಾರಿ ವೆನ್ ಮೇಡಂ ಹೇಳಿದ ಸಮಯಕ್ಕೆ ಸರಿಯಾಗಿ ಬಂದು ಯಾನ್‌ನ ಕುರ್ಚಿಯಲ್ಲೇ ಒರಗಿದರು. ಯಾನ್‌ನ ಕೈ ಆ ದಿನ ನಡೆದ ಹಾಗೆ ಎಂದೂ ನಡೆದಿರಲಿಲ್ಲ. ಒಂದು ಗಂಟೆಯ ಹಿಂದಷ್ಟೇ ತನ್ನ ಕಿವಿಯಲ್ಲಿ ಕಲಿತದ್ದನ್ನು ಅವನು ಮೇಡಂ ಕಿವಿಯಲ್ಲಿ ಮಾಡಿ ತೋರಿಸಿದ. ಮೇಡಂ ಎರಡು ಸಲ ನಿದ್ದೆ ಹೋದರು. ಎದ್ದವರ ಮುಖ ಅರಳಿತ್ತು. ತನ್ನ ಸರದಿಗೆ ಕಾದು ಪಕ್ಕದಲ್ಲೇ ನಿಂತಿದ್ದ ಪಾಂಗ್‌ನ ಕೆಲಸ ನೋಡುವ ಮೊದಲೇ ಕಾಗದ ತೆಗೆದು ಗುರು ಯಾರು, ಎಷ್ಟು ವರ್ಷ ಎಂದೆಲ್ಲ ತುಂಬಿಸತೊಡಗಿದರು. ಹದಿನಾಲ್ಕು ಜನರೂ ಉಸಿರು ಬಿಗಿಹಿಡಿದು ಕೆರೆಯ ಮೀನು ನೋಡುತ್ತ ಕೂತಿದ್ದರು.

"ಕೊನೇದೊಂದು. ನಿಮ್ಮ ಕಿವಿ ಯಾರು ನೋಡ್ತಾರೆ?"

"ಯಾರೂ ಇಲ್ಲ ಮೇಡಂ. ಹನ್ನೊಂದು ವರ್ಷದಿಂದ ಯಾರ ಕೈಗೂ ಕೊಟ್ಟಿಲ್ಲ," ಎಂದ ಯಾನ್ ಎದೆಯುಬ್ಬಿಸಿ.

ಮೇಡಂ ಪೆನ್ನು ಎತ್ತಿದರು. ಹನ್ನೊಂದು ವರ್ಷ ಕೊಳಕು ಕಿವಿ ಇಟ್ಟುಕೊಂಡವನ ಹೆಸರನ್ನು ಗೋಡೆಗೆ ಹಾಕಿದರೆ ಜನ ನಗುವುದಿಲ್ಲವೇ ಎಂದರು. ಯಾನ್‌ನ ಮುಖ ಇಂಗು ತಿಂದ ಮಂಗನಂತಾಯಿತು. ಮಾತು ಕೊಟ್ಟಿದ್ದ ಹೌ ಅಜ್ಜನಿಗೆ ಈ ಅನ್ಯಾಯ ನೋಡಲಾಗಲಿಲ್ಲ. "ಕೊಳಕು ಎಲ್ಲಿ ಮೇಡಂ, ಕನ್ನಡಿ ಥರ ಇದೆ. ನೀವೇ ನೋಡಿ," ಎಂದುಬಿಟ್ಟ.

ಮೇಡಂ ಯಾನ್‌ನ ದೀಪ ಇಸಿದುಕೊಂಡು ಅವನ ಎಡಕಿವಿಗೆ ಇಣುಕಿದರು. ತುಂಬಾ ಹೊತ್ತು ನೋಡಿದರು. ಇದು ಯಾರ ಕೈ ಎಂದು ಕೇಳಿದರು. ಹದಿನಾಲ್ಕು ತಲೆಗಳು ಒಟ್ಟಿಗೆ ಪಾಂಗ್‌ನ ಕಡೆ ತಿರುಗಿದವು. ಯಾರೂ ಬಾಯಿ ಮಾತ್ರ ಬಿಡಲಿಲ್ಲ. ಗಿರಾಕಿಯ ವಿಷಯ ತಾನು ಹೇಳುವುದಿಲ್ಲ ಎಂದ ಪಾಂಗ್.

ಇನ್ನು ಯಾನ್ ಹೇಳಬೇಕಿತ್ತು. ಹೆಂಡತಿ ಎನ್ನಬಹುದಿತ್ತು, ಆಸ್ಪತ್ರೆ ಎನ್ನಬಹುದಿತ್ತು. ಆದರೆ ಆ ಕೆಲಸ ಎಂಥದ್ದೆಂದು ಅವನಿಗೆ ಗೊತ್ತಿತ್ತು. ಅದನ್ನು ಇನ್ನೊಬ್ಬರ ಹೆಸರಿಗೆ ಬರೆಯಲು ನಾಲಿಗೆ ಏಳಲಿಲ್ಲ.

"ಪಾಂಗ್‌ದು ಮೇಡಂ," ಎಂದ. "ನನ್ನ ಕೈಗಿಂತ ಚೆನ್ನಾಗಿದೆ."

ಹಾಗಾದರೆ ಹಲಗೆಯೂ ಪಾಂಗ್‌ದೇ ಎಂದು ಮೇಡಂ ಅಲ್ಲೇ ಬರೆದುಕೊಂಡರು. ನಿಜ ಹೇಳಿದ್ದಕ್ಕೆ ಯಾನ್‌ನ ಬೆನ್ನು ತಟ್ಟಿದರು. ಪಾಂಗ್ ಬಂದು ಅಣ್ಣನ ಎರಡೂ ಕೈ ಹಿಡಿದುಕೊಂಡ. ಅಷ್ಟರಲ್ಲಿ ತಾಂಗ್ ಅಕ್ಕ ಒಳಗಿನಿಂದ ಒಂದು ಮುಚ್ಚಳದ ಚಹಾಬಟ್ಟಲು ತಂದು ಮೇಡಂ ಮುಂದಿಟ್ಟಳು. ಸಾಕ್ಷಿ ಬೇಕಾದೀತೆಂದು ಜೋಪಾನ ಮಾಡಿದ್ದಳಂತೆ. ಮೇಡಂ ಮುಚ್ಚಳ ತೆಗೆದರೆ ಒಳಗೆ ಯಾನ್‌ನ ಕಿವಿಯ ಆ ಕಡಲೆಕಾಯಿ ಗಾತ್ರದ ಗುಗ್ಗೆ. ಭವನದ ಬಾಗಿಲ ಎದುರಿಗೆ ಒಂದು ಗಾಜಿನ ಪೆಟ್ಟಿಗೆ ಇತ್ತು, ಅದರಲ್ಲಿ ಏನಿಡುವುದೆಂದು ಅವರಿಗೆ ಆರು ತಿಂಗಳಿಂದ ತಲೆನೋವಾಗಿತ್ತು.

"ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ," ಎಂದರು, ಬಟ್ಟಲನ್ನು ಮಗುವಿನ ಹಾಗೆ ಎತ್ತಿಕೊಂಡು. "ನಿಮ್ಮ ಹೆಸರೂ ಹಾಕಿಸ್ತೀವಿ. ವಯಸ್ಸು, ಯಾವ ಕಿವಿ, ಎಲ್ಲ."

ಸಂಜೆ ಮನೆಗೆ ಬಂದಾಗ ಶ್ಯೂಮೇಯ್ ಬಾಗಿಲಲ್ಲೇ ಕಾದಿದ್ದಳು. ಅವಳು ಕೇಳಿದ್ದು ಒಂದೇ. ಹೆಸರು ಹಾಕುತ್ತಾರಂತಾ? ಯಾನ್ ಬೂಟು ಬಿಚ್ಚುತ್ತ ಹಾಕುತ್ತಾರೆ ಎಂದ. ಎಲ್ಲಿ ಎಂದಳು. ಬಾಗಿಲ ಎದುರಿಗೇ, ಗಾಜಿನ ಪೆಟ್ಟಿಗೆಯಲ್ಲಿ ಎಂದ. ಶ್ಯೂಮೇಯ್ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು. ಉಳಿದದ್ದನ್ನು ಹೇಳಲು ಯಾನ್ ಬಾಯಿ ತೆರೆಯುವಷ್ಟರಲ್ಲಿ ಅವಳು ಫೋನು ಹಿಡಿದಾಗಿತ್ತು. ತವರಿನವರಿಗೆ, ಇವನ ಅಕ್ಕಂದಿರಿಗೆ, ಪಕ್ಕದ ಬೀದಿಯವರಿಗೆ, ಸುದ್ದಿ ಮುಟ್ಟಿಸಿ ಬಂದು ಅವನ ಪಕ್ಕದಲ್ಲಿ ಕೂತಳು.

"ಉದ್ಘಾಟನೆ ದಿನ ನಲವತ್ತಾರು ಜನ ಬರ್ತಾರೆ. ನಿನ್ನ ದೊಡ್ಡಕ್ಕ ಊರಿಂದ ಬಸ್ಸೇ ಮಾಡ್ಕೊಂಡು ಬರ್ತಾಳಂತೆ. ಎಲ್ಲರೂ ಆ ಪೆಟ್ಟಿಗೆ ಮುಂದೆ ನಿಂತು ನಿನ್ನ ಜೊತೆ ಫೋಟೋ ತೆಗೆಸ್ಕೋಬೇಕಂತೆ."

ಅವಳು ಕೂತದ್ದು ಅವನ ಎಡಗಡೆ. ಒಂದಕ್ಷರವೂ ತಪ್ಪದೆ ಕೇಳಿಸಿತು.