ಐವತ್ತು ಹರ್ಟ್ಸಿನ ನಿದ್ದೆ

ನಮ್ಮ ಸೋದರಮಾವ ಸ್ಯಾನ್ ರಮೋನಿನ ಮನೆಯ ಸೋಫಾದಲ್ಲಿ ಕೂತೇ ವೀಸಾ ಕೊಡುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಮನುಷ್ಯರಿಗಲ್ಲ, ಮಿಕ್ಸಿ, ಗ್ರೈಂಡರು, ಇಸ್ತ್ರಿಪೆಟ್ಟಿಗೆಗಳಿಗೆ! ಮಂಡ್ಯ, ಹಾಸನದ ಕಡೆಯಿಂದ ಇಲ್ಲಿಗೆ ಸಂಸಾರ ಸಮೇತ ಹೊರಟವರು ಸೂಟ್‌ಕೇಸ್ ಮುಚ್ಚುವ ಮೊದಲು ಇವರಿಗೆ ವಿಡಿಯೊ ಕಾಲ್ ಮಾಡಬೇಕು. ಯಂತ್ರವನ್ನು ಬೋರಲು ಹಾಕಿ ಅದರ ಬುಡದ ಚೀಟಿ ಓದಬೇಕು. ನೂರರಿಂದ ಇನ್ನೂರ ನಲವತ್ತು ವೋಲ್ಟ್ ಎಂದಿದ್ದರೆ, ಅಂದರೆ ಊರಿನ ಇನ್ನೂರ ಮೂವತ್ತಕ್ಕೂ ಇಲ್ಲಿನ ನೂರಿಪ್ಪತ್ತಕ್ಕೂ ಒಗ್ಗುವುದಾದರೆ, ಪಾಸು. ಇದುವರೆಗೆ ಪಾಸಾದವು ಫೋನ್ ಚಾರ್ಜರು, ಲ್ಯಾಪ್‌ಟಾಪು ಮಾತ್ರ. ಮಿಕ್ಕವಕ್ಕೆಲ್ಲ ಒಂದೇ ತೀರ್ಪು: "ಅಲ್ಲೇ ಹುಟ್ಟಿದ್ದು, ಅಲ್ಲೇ ಇರ್ಲಿ ಬಿಡಮ್ಮ."

ಮಾತು ಕೇಳದೆ ಗ್ರೈಂಡರು ಹೊತ್ತು ತಂದ ಮದುಮಗಳೊಬ್ಬಳು ಅದನ್ನು ಟ್ರಾನ್ಸ್‌ಫಾರ್ಮರಿಗೆ ಸಿಕ್ಕಿಸಿ ಹಿಟ್ಟು ರುಬ್ಬಿ, ಹೆಮ್ಮೆಯಿಂದ ಇಡ್ಲಿ ತಂದುಕೊಟ್ಟಳು. ಮಾವ ನಾಲ್ಕು ಇಡ್ಲಿ ತಿಂದು, ಗ್ರೈಂಡರಿಗೆ ಮುಂಗಡವಾಗಿ ಸಂತಾಪ ಸೂಚಿಸಿ ಕಳಿಸಿದರು. ಅದು ಕೆಟ್ಟಿತೋ ಇಲ್ಲವೋ ನನಗೆ ನೆನಪಿಲ್ಲ. ಮಾವ ಹೇಳುವಾಗ ಮಾತ್ರ ಪ್ರತಿಸಲವೂ ಹೊಗೆ ಬರುತ್ತದೆ.

ಕಳೆದ ವರ್ಷ ಅಮ್ಮನ ಸರದಿ. ಅವಳು ಮಂಡ್ಯದ ಬಾಡಿಗೆ ಮನೆ ಖಾಲಿ ಮಾಡಿ, ಮೌಂಟನ್ ವ್ಯೂನಲ್ಲಿರುವ ನನ್ನ ಅಪಾರ್ಟ್‌ಮೆಂಟಿಗೆ ಇದ್ದುಬಿಡಲೆಂದೇ ಬರುವವಳಿದ್ದಳು. ತರಲೇ ಎಂದು ಕೇಳಿದ್ದು ಒಂದೇ ವಸ್ತು, ಟೇಬಲ್ ಫ್ಯಾನು. ಅದರ ಸದ್ದಿಲ್ಲದೆ ಅವಳಿಗೆ ನಿದ್ದೆ ಬಾರದು. ಅಪ್ಪನ ಕೊನೆಯ ದಿನಗಳಲ್ಲಿ ಮಂಚದ ಪಕ್ಕ ಓಡುತ್ತಿದ್ದ ಫ್ಯಾನು ಅದು ಎಂದು ಬರೆದರೆ ಚೆನ್ನಾಗಿರುತ್ತದೆ. ಬರೆದೂ ಇದ್ದೆ. ಅಮ್ಮ ತಿದ್ದಿದಳು: ಅದನ್ನು ಕೊಂಡದ್ದೇ ಅಪ್ಪ ಹೋದ ಮೇಲೆ, ಮನೆ ತೀರಾ ನಿಶ್ಶಬ್ದವಾಯಿತೆಂದು.

ಮಾವ ಜಗ್ಗಲಿಲ್ಲ. "ವೋಲ್ಟೇಜು ನಾನು ಸರಿ ಮಾಡ್ಕೊಡ್ತೀನಿ ಕಣಕ್ಕ. ಆದ್ರೆ ಅಲ್ಲಿ ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡೀತದೆ, ಇಲ್ಲಿ ಅರವತ್ತು. ಅದನ್ನ ಟ್ರಾನ್ಸ್‌ಫಾರ್ಮರ್ ಬದಲಾಯಿಸಲ್ಲ. ಫ್ಯಾನು ಓಡ್ತದೆ, ಆದ್ರೆ ಸದ್ದು ಬೇರೆ ಥರ ಬರ್ತದೆ."

ತಮ್ಮನ ಮಾತು ಮೀರದೆ ಅಮ್ಮ ಅದನ್ನು ಮೇಲಿನ ಮನೆಯ ಟೀಚರಿಗೆ ಕೊಟ್ಟು ಬಂದಳು.

ಬಂದವಳು ನಿದ್ದೆ ಮಾಡಲಿಲ್ಲ. ಇಲ್ಲಿನದೊಂದು ಫ್ಯಾನು ತಂದೆ. ಸದ್ದೇ ಮಾಡದಿರುವುದು ಅದರ ಹೆಗ್ಗಳಿಕೆಯಂತೆ! ಮೂರನೇ ವಾರ ಅವಳು ಒಲೆಯ ಮೇಲೆ ಹಾಲಿಟ್ಟು ನಿಂತಲ್ಲೇ ತೂಕಡಿಸಿದಳು. ವಾಪಸು ಹೋಗುತ್ತೇನೆ ಎಂದಳು. ಯಾವ ಮನೆಗೆ ಎಂದು ನಾನು ಕೇಳಲಿಲ್ಲ.

ಆ ಶನಿವಾರ ಮಧ್ಯಾಹ್ನ ಮಾವ ಬಂದರು. ಮಂಡ್ಯದ ಟೀಚರಿಗೆ ಫೋನು ಮಾಡಿ, ಫ್ಯಾನಿನ ಸದ್ದನ್ನು ಒಂದು ಗಂಟೆ ರೆಕಾರ್ಡು ಮಾಡಿಸಿ ತರಿಸಿಕೊಂಡಿದ್ದರು. ಅಮ್ಮ ಕಣ್ಣು ಮುಚ್ಚಿ ಕೇಳಿದಳು.

"ಇದು ಸ್ಪೀಡು ಎರಡ್ರಲ್ಲಿ ಇಟ್ಟಿರೋದು. ನಾನು ಒಂದ್ರಲ್ಲಿ ಇಡ್ತಿದ್ದೆ."

ಮುಂದಿನ ಶನಿವಾರ ಮಾವ ಒಂದರದ್ದು ತಂದರು. ರೆಕಾರ್ಡಿನ ನಡುವೆ ಕುಕ್ಕರ್ ಕೂಗಿತು. ಟೀಚರಮ್ಮ ಬೇಳೆಗಿಟ್ಟಿದ್ದಾರೆ ಎಂದು ಅಮ್ಮ ವರದಿ ಮಾಡಿದಳು. ಮತ್ತೆ ಮಲಗಿ, ಮತ್ತೆ ಕಣ್ಣು ಬಿಟ್ಟಳು.

"ಅದು ಕತ್ತು ತಿರುಗಿಸ್ತಿತ್ತು ಕಣೋ. ಇದು ಒಂದೇ ಕಡೆಯಿಂದ ಬರ್ತದೆ."

ನನ್ನ ನೆನಪಿನ ಫ್ಯಾನಿಗೆ ಕತ್ತು ಹಿಡಿದುಕೊಂಡಿತ್ತು. ಅದು ಸದಾ ಕ್ಯಾಲೆಂಡರಿನ ಕಡೆಗೇ ಮುಖ ಮಾಡಿರುತ್ತಿತ್ತು. ಆದರೆ ನನ್ನ ನೆನಪನ್ನು ಯಾರು ಕೇಳಿದರು?

ಮಾವ ಸ್ಟೂಲನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡು ಕೂತರು. ಫೋನು ಹಿಡಿದ ಕೈಯನ್ನು ಎಡದಿಂದ ಬಲಕ್ಕೆ, ತುದಿಯಲ್ಲೊಂದು ಕ್ಷಣ ತಡೆದು, ಬಲದಿಂದ ಎಡಕ್ಕೆ, ನಿಧಾನವಾಗಿ ಆಡಿಸತೊಡಗಿದರು.

ಗಂಟೆ ಮುಗಿದು ಸದ್ದು ನಿಂತಾಗ ಅಮ್ಮ ಗೊರಕೆ ಹೊಡೆಯುತ್ತಿದ್ದಳು. ಮಾವನ ಕೈ ಇನ್ನೂ ತಿರುಗುತ್ತಲೇ ಇತ್ತು.