ಅತ್ತೆಯನ್ನು ಕೇಳಿಕೊಂಡು ಬರುವ ಫೋನು

ಸಾಲ ವಸೂಲಿಯವರ ಫೋನು ಬಂದರೆ ಜನ ಏನು ಮಾಡುತ್ತಾರೆ? ಕೆಲವರು ಕಟ್ ಮಾಡುತ್ತಾರೆ. ಕೆಲವರು ಮಕ್ಕಳ ಕೈಗೆ ಕೊಟ್ಟು ಅಪ್ಪ ಮನೆಯಲ್ಲಿಲ್ಲ ಎನ್ನಿಸುತ್ತಾರೆ. ಇನ್ನು ಕೆಲವರು ಸಿಮ್ಮನ್ನೇ ಬದಲಿಸಿ ನೆಮ್ಮದಿಯಾಗಿರುತ್ತಾರೆ. ಕುಷ್ಟಗಿಯಲ್ಲಿರುವ ನನ್ನ ಸೋದರಮಾವ ಮಾತ್ರ ಆ ಫೋನು ಬರಲಿಲ್ಲವೆಂದರೆ ಚಡಪಡಿಸುತ್ತಿದ್ದ! ಕಂತಿನ ದಿನ ದಾಟಿದರೂ ಕರೆ ಬರದಿದ್ದರೆ, ತನ್ನ ಫೋನು ಕೆಟ್ಟಿದೆಯೋ ಏನೋ ಎಂದು ನನಗೊಂದು ಕರೆ ಮಾಡಿ ಪರೀಕ್ಷಿಸುತ್ತಿದ್ದ. ಸಾಲಗಾರರ ಕುಲಕ್ಕೇ ಕಳಂಕ ತರುವ ಈ ಮನುಷ್ಯನನ್ನು ಯಾವ ಲೆಕ್ಕಕ್ಕೆ ಸೇರಿಸೋಣ ಹೇಳಿ?

ಸಾಲ ಅವನದಲ್ಲ, ಅತ್ತೆಯದು. ಶಾವಿಗೆ ಯಂತ್ರ ಕೊಳ್ಳಲೆಂದು ಅವಳು ಒಂದು ಫೈನಾನ್ಸಿನವರಿಂದ ಸಾಲ ಪಡೆದಿದ್ದಳು, ಫೋನ್ ನಂಬರು ಮಾತ್ರ ಗಂಡನದು ಬರೆಸಿದ್ದಳು. ಯಂತ್ರ ಬಂದ ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ರವೆಯ ಡಬ್ಬಿ ಹಿಡಿದು ಅವಳ ಪಡಸಾಲೆಯಲ್ಲಿ ಸಾಲುಗಟ್ಟಿದ್ದರು. ಮುಂದಿನ ಬೇಸಿಗೆ ಬರುವ ಮೊದಲೇ ಅತ್ತೆ ಎದೆನೋವಿನಿಂದ ತೀರಿಕೊಂಡಳು. ಮಾವ ಯಂತ್ರಕ್ಕೆ ಹಳೆಯ ಸೀರೆಯೊಂದನ್ನು ಹೊದಿಸಿ ಮೂಲೆಗೆ ಸರಿಸಿದ. ಕಂತುಗಳು ಮಾತ್ರ ಉಳಿದವು.

ನಾನು ಕೊಪ್ಪಳದಲ್ಲಿ ಕಚೇರಿ ಕೆಲಸದವನು. ಕಾಗದಪತ್ರ ಕಂಡರೆ ಸುಮ್ಮನಿರುವ ಪೈಕಿ ಅಲ್ಲ. ಸಾಲದ ಪತ್ರ ಓದಿ ನೋಡಿದರೆ ಅದಕ್ಕೆ ವಿಮೆ ಇತ್ತು! ಮರಣ ಪ್ರಮಾಣಪತ್ರ ಒಪ್ಪಿಸಿದರೆ ಬಾಕಿಯೆಲ್ಲ ಮನ್ನಾ. ಮಾವನಿಗೆ ವಿವರಿಸಿದೆ. ಕೊಡೋಣ ಬಿಡು ಎಂದ. ಮುಂದಿನ ಸಲ ಹೋದಾಗಲೂ ಅದನ್ನೇ ಎಂದ. ಕೊನೆಗೆ ನಾನೇ ಪ್ರಮಾಣಪತ್ರದ ಪ್ರತಿ ತೆಗೆಸಿ ಕೈಗೆ ಕೊಟ್ಟರೆ ಅದನ್ನು ಭದ್ರವಾಗಿ ಎತ್ತಿಟ್ಟ. ಎಷ್ಟು ಭದ್ರವೆಂದರೆ, ಎಲ್ಲಿಟ್ಟಿದ್ದೇನೆಂದು ಅವನಿಗೇ ನೆನಪಿಲ್ಲವಂತೆ!

ಇನ್ನು ಫೋನಿನ ವೈಭವ ಕೇಳಿ. ಅತ್ತೆ ಇದ್ದಾಳೆಯೇ ಎಂದು ಅತ್ತ ಕಡೆಯವರು ಕೇಳುತ್ತಿದ್ದರು. ಇವನು, ರೊಟ್ಟಿ ಬಡಿಯುತ್ತಿದ್ದಾಳೆ, ಕೈಯೆಲ್ಲ ಹಿಟ್ಟಾಗಿದೆ ಎನ್ನುತ್ತಿದ್ದ. ಮರುದಿನ ಕೇಳಿದರೆ ಯಲಬುರ್ಗಾಕ್ಕೆ, ತವರುಮನೆಗೆ ಹೋಗಿದ್ದಾಳೆ. ಅದರ ಮರುದಿನ ಮನೆಯಲ್ಲೇ ಇದ್ದಾಳೆ, ಆದರೆ ಮಾವನ ಮೇಲೆ ಮುನಿಸಿಕೊಂಡು ಮಾತು ಬಿಟ್ಟಿದ್ದಾಳೆ! ಕಾರಣವೇನೆಂದು ವಸೂಲಿಯವನೊಬ್ಬ ಕೇಳಿಯೇಬಿಟ್ಟ. ಎಳೆಯ ಹೀರೇಕಾಯಿ ತಾ ಎಂದಿದ್ದಕ್ಕೆ ಸಂತೆಯಿಂದ ಬಲಿತದ್ದನ್ನೇ ಆರಿಸಿ ತಂದೆನೆಂದು ಮಾವ ತಪ್ಪೊಪ್ಪಿಕೊಂಡ. ಆ ಪುಣ್ಯಾತ್ಮ ಕಂತಿನ ಮಾತು ಬಿಟ್ಟು ತನ್ನ ಹೆಂಡತಿ ಬದನೆಕಾಯಿಗಾಗಿ ಮಾಡಿದ ರಂಪಾಟವನ್ನು ಹೇಳಿಕೊಳ್ಳತೊಡಗಿದ. ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡಿಕೊಂಡು ಫೋನಿಟ್ಟರು.

ಗಂಗಾವತಿಯ ಕಡೆಯ ವಸೂಲಿಯವನೊಬ್ಬ ಸ್ವಲ್ಪ ಖಡಕ್ಕಾಗಿದ್ದ. ಊರಿಗೇ ಬಂದು ಎಲ್ಲರ ಮುಂದೆ ಮರ್ಯಾದೆ ತೆಗೆಯುತ್ತೇನೆಂದು ಬೆದರಿಸಿದ. ಮಾವ ಹೆದರುವುದಿರಲಿ, ಯಾವ ಬಸ್ಸಿಗೆ ಬಂದರೆ ಸೀಟು ಸಿಗುತ್ತದೆ, ಎಲ್ಲಿ ಇಳಿಯಬೇಕು, ಬಿಸಿಲಿಗೆ ತಲೆಗೆ ವಸ್ತ್ರ ಇರಲಿ ಎಂದೆಲ್ಲ ಹೇಳಿ ತನ್ನ ಅಂಗಡಿಗೆ ಕರೆದ. ಅವನು ಬಂದೂ ಬಂದ. ಅವತ್ತು ನಾನೂ ಅಲ್ಲಿಯೇ ಇದ್ದೆ. ಅವನು ದನಿ ಎತ್ತುವ ಮೊದಲೇ ಮಾವ ಚಹಾ ಕೊಡಿಸಿ, ಡ್ರಾವರಿನಿಂದ ಕಂತಿನ ಹಣ ತೆಗೆದು ಮುಂದಿಟ್ಟ. ಜಗಳಕ್ಕೆಂದೇ ಅಷ್ಟು ದೂರ ಬಂದಿದ್ದ ಮನುಷ್ಯನಿಗೆ ನಿರಾಶೆಯಾಗುವುದಿಲ್ಲವೇ?

"ರೊಕ್ಕ ಇಟ್ಕೊಂಡು ಯಾಕ್ರಿ ಸತಾಯಿಸ್ತೀರಿ?" ಎಂದ.

"ತಾರೀಖಿಗೆ ಸರಿಯಾಗಿ ಕಟ್ಟಿದ್ರ ನೀವು ಫೋನ್ ಮಾಡ್ತೀರೇನ್ರಿ?" ಎಂದು ಮಾವ ಕೇಳಿದ.

ಅವನು ಚಹಾ ಮುಗಿಸಿ, ಮಾವನನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಎದ್ದು ಹೋದ. ನನಗೆ ರೇಗಿತು. ಕಾಗದ ಕೊಟ್ಟಿದ್ದರೆ ಒಂದು ಪೈಸೆ ಕಟ್ಟಬೇಕಿರಲಿಲ್ಲ, ಜನ ನಿನ್ನನ್ನು ಹುಚ್ಚನೆನ್ನುತ್ತಾರೆ ಎಂದು ಬೈದೆ.

"ಓಣ್ಯಾಗ ಯಾರೂ ಆಕಿ ಹೆಸರು ತಗಿಯಂಗಿಲ್ಲೋ," ಎಂದ ಮಾವ. "ನಾ ತಗದ್ರೂ ಮಾತು ಬ್ಯಾರೆ ಕಡೆ ಹೊಳ್ಳಿಸ್ತಾರ. ಆಕಿ ಅದಾಳೇನು ಅಂತ ಕೇಳವ್ರು ಇವ್ರೊಬ್ರ ನೋಡು."

ಆಗ ಅವನು ಇನ್ನೊಂದು ವಿಷಯ ಹೇಳಿದ. ಅದು ತಿಳಿಯಬೇಕಾದರೆ ಅವನ ಕೆಲಸ ನಿಮಗೆ ಗೊತ್ತಿರಬೇಕು. ಮಾವನದು ಮೋಟಾರ್ ವೈಂಡಿಂಗ್ ಅಂಗಡಿ. ದಾಳಿಂಬೆ ತೋಟದವರ ಸುಟ್ಟ ಪಂಪುಗಳಿಗೆ ತಾಮ್ರದ ತಂತಿಯನ್ನು ಕೈಯಿಂದಲೇ ಸುತ್ತುವ ಕೆಲಸ. ಸುತ್ತುಗಳನ್ನು ಎಣಿಸುತ್ತಲೇ ಇರಬೇಕು. ನಡುವೆ ಲೆಕ್ಕ ತಪ್ಪಿದರೆ ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಬೇಕು. ಅದಕ್ಕೇ ಕೆಲಸಕ್ಕೆ ಕುಳಿತಾಗ ಅವನು ಫೋನು ಎತ್ತುತ್ತಿರಲಿಲ್ಲ. ಅತ್ತೆ ದಿನಾ ಮಧ್ಯಾಹ್ನ ಊಟಕ್ಕೆ ಕರೆಯುತ್ತಿದ್ದಳು, ಫೋನು ಬಡಿದುಕೊಂಡು ಸುಮ್ಮನಾಗುತ್ತಿತ್ತು. ಇವನು ಹೊತ್ತು ಮೀರಿ ಮನೆಗೆ ಹೋಗಿ ಬೈಸಿಕೊಂಡು ಉಣ್ಣುತ್ತಿದ್ದ. ನಾವೆಲ್ಲ ಅದನ್ನು ಹೇಳಿಕೊಂಡು ಎಷ್ಟು ನಕ್ಕಿದ್ದೇವೋ!

"ಅವತ್ತೂ ಆಕಿ ಫೋನ್ ಬಂದಿತ್ತು," ಎಂದ ಮಾವ. "ಊಟಕ್ಕ ಕರೀತಾಳ ಅಂತ ತಿಳ್ಕೊಂಡೆ. ನಾ ಎಣಿಸ್ತಿದ್ದೆ."

ಅವತ್ತು ಎದೆ ಹಿಡಿದುಕೊಂಡು ಕುಸಿದ ಅತ್ತೆಯನ್ನು ಆಸ್ಪತ್ರೆಗೆ ಸಾಗಿಸಿದ್ದು ಪಕ್ಕದ ಮನೆಯವರು. ಅಂದಿನಿಂದ ವಸೂಲಿಯವರ ಫೋನು ಬಂದರೆ ಮಾವ ಅರ್ಧ ಸುತ್ತಿದ ತಂತಿಯನ್ನು ಹಾಗೇ ಕೈಬಿಟ್ಟು ಎತ್ತುತ್ತಿದ್ದ. ಲೆಕ್ಕ ಹೋದರೆ ಹೋಯಿತು. ಪಂಪಿಗಾಗಿ ಕಾದು ಕುಳಿತ ಗಿರಾಕಿಗಳು ಗೊಣಗುತ್ತಿದ್ದರು, ಗೊಣಗಲಿ. ವಿಮೆಯ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಆದರೆ ಯಾವ ಸಾಲವೂ ಒಂದು ದಿನ ತೀರಲೇಬೇಕಲ್ಲ? ಕಂತುಗಳು ಮುಗಿಯುತ್ತ ಬಂದ ಹಾಗೆ ಮಾವ ಸಣ್ಣಗಾದ. ಅತ್ತೆಯ ಹೆಸರಿನಲ್ಲಿ ಇನ್ನೊಂದು ಸಾಲ ಸಿಗಬಹುದೇ ಎಂದು ನನ್ನನ್ನು ವಿಚಾರಿಸಿದ. ಇಂಥ ಅರ್ಜಿಗೆ ನಗಬೇಕೋ ಅಳಬೇಕೋ ನೀವೇ ಹೇಳಿ. ಕೊನೆಯ ಕಂತನ್ನು ಆದಷ್ಟು ಎಳೆದಾಡಿ, ಅವರಿಂದ ಆದಷ್ಟು ಫೋನು ಮಾಡಿಸಿಕೊಂಡು ಕಟ್ಟಿದ. ಅದರ ಮುಂದಿನ ಭಾನುವಾರ ನಾನು ಅವನ ಮನೆಯಲ್ಲಿದ್ದೆ. ಆಗ ಅವರದೇ ಫೋನು ಬಂತು. ಈಚೆಗೆ ಮಾತಾಡುತ್ತಿದ್ದವಳು ಒಬ್ಬ ಹುಡುಗಿ. ಮಾವ ಸ್ಪೀಕರ್ ಹಾಕಿದ.

"ಕಾಕಾರ, ನಿಮ್ಮ ಮನಿಯವ್ರ ಸಾಲ ಪೂರ್ತಿ ಮುಗೀತ್ರಿ. ಇನ್ನ ನಾವು ಫೋನ್ ಮಾಡಂಗಿಲ್ಲ. ಒಮ್ಮಿನೂ ಅವರ ಜೋಡಿ ಮಾತಾಡಾಕ ಆಗಲಿಲ್ಲ, ಇವತ್ತರ ಒಂದೀಟು ಅವರ ಕೈಯಾಗ ಕೊಡ್ರಿ."

ಮಾವ ಅಡುಗೆಮನೆಯ ಕಡೆ ನೋಡಿದ. ರೊಟ್ಟಿಯ ನೆಪ ಹೇಳುತ್ತಾನೆ, ಇಲ್ಲವೇ ಯಲಬುರ್ಗಾದ್ದು ಎಂದುಕೊಂಡೆ.

"ಆಕಿ ಇಲ್ಲವ್ವಾ," ಎಂದ. "ತೀರಿಕೊಂಡಾಳ. ಭಾಳ ದಿನ ಆತು."

ಅಷ್ಟು ಹೇಳಿ ಅತ್ತುಬಿಟ್ಟ. ಅತ್ತೆಯನ್ನು ಮಣ್ಣು ಮಾಡಿದ ದಿನವೂ ಕಣ್ಣೀರು ಹಾಕದ ಮನುಷ್ಯ, ಗೋಡೆಗೆ ಒರಗಿ ದನಿ ತೆಗೆದು ಅತ್ತ. ನಾನು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತೆ. ಬಹಳ ಹೊತ್ತಾದ ಮೇಲೆ, ಅವನ ಮಡಿಲಿನಲ್ಲಿ ಬಿದ್ದಿದ್ದ ಫೋನನ್ನು ತೆಗೆದಿಡಲು ಹೋದೆ. ಆ ಹುಡುಗಿ ಇನ್ನೂ ಫೋನಿಟ್ಟಿರಲಿಲ್ಲ.