ಅಣ್ಣನ ಅರ್ಜಿಗೆ ನನ್ನ ಆಕಳಿಕೆ

ಬೇಡುವುದರಲ್ಲಿ ನಮ್ಮ ಅಣ್ಣನನ್ನು ಮೀರಿಸಿದವರು ಕುಲಗೋಡದಲ್ಲಿ ಯಾರೂ ಇರಲಿಲ್ಲ. ಅವನು ಎದುರಿಗೆ ಬಂದರೆ ಭಿಕ್ಷೆಗೆ ಹೊರಟ ಜಂಗಮರೂ ಜೋಳಿಗೆಯ ಬಾಯಿ ಮುಚ್ಚಿಕೊಳ್ಳುತ್ತಿದ್ದರು ಎಂದು ವೈನಿ ಹೇಳುತ್ತಿದ್ದಳು. ವೈನಿ ಅಂದರೆ ಅವನ ಹೆಂಡತಿ. ಗಂಡನ ವಿಷಯದಲ್ಲಿ ಹೆಂಡತಿ ಸ್ವಲ್ಪ ಹೆಚ್ಚು ಹೇಳುವುದು ವಾಡಿಕೆ. ಜಂಗಮರು ಜೋಳಿಗೆ ಮುಚ್ಚಿಕೊಂಡದ್ದನ್ನು ನಾನು ನೋಡಿಲ್ಲ. ದಾರಿ ಬದಲಿಸಿದ್ದನ್ನು ನೋಡಿದ್ದೇನೆ.

ಹಾಗೆಂದು ತನಗಾಗಿ ಕೇಳಿದವನಲ್ಲ. ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಬೇಕೆನ್ನಲೂ ಸಂಕೋಚ. ಅವನಿಗೆ ಬೇಕಾದದ್ದು ಒಂದೇ: ಊರಿನ ಹೆಣ್ಣುಮಕ್ಕಳಿಗೆ ಬೇರೆ ಸಾಲಿ. ಕೂರಲು ಒಂದು ಖೋಲಿ, ಕಲಿಸಲು ಒಬ್ಬ ಅಕ್ಕೋರು, ಅಷ್ಟೆ. ಅದು ಬ್ರಿಟಿಷರ ಆಳಿಕೆ. ಸಾಲಿಗೆ ಗ್ರ್ಯಾಂಟು ಬರಬೇಕು, ಗ್ರ್ಯಾಂಟಿಗೆ ಅರ್ಜಿ ಹೋಗಬೇಕು, ಅರ್ಜಿಗೆ ಕಚೇರಿ ಇರಬೇಕು. ಇಷ್ಟು ಯೋಚಿಸಿದವನೇ ಒಂದು ಮುಂಜಾನೆ ಕೊಟ್ಟಿಗೆಯಿಂದ ಎಮ್ಮೆಯನ್ನು ಬಿಚ್ಚಿ ಬೇವಿನ ಗಿಡಕ್ಕೆ ಕಟ್ಟಿದ.

“ಎಮ್ಮಿ ಯಾಕ ಹೊರಗ ಹಾಕಿದ್ಯೋ?” ಅಂದಳು ಅವ್ವ.

“ಇಲ್ಲಿ ಕಚೇರಿ ಮಾಡತೇನಿ ಬೇ. ಇಲ್ಲಿಂದ ಗ್ರ್ಯಾಂಟ ಬರತೈತಿ.”

“ಎಮ್ಮಿ ದಿನಾ ಎರಡ ಹೊತ್ತ ಕೊಡತೈತಿ. ನಿನ್ನ ಗ್ರ್ಯಾಂಟ ಎಷ್ಟ ಹೊತ್ತ ಕೊಡತೈತಿ?”

ಈ ಪ್ರಶ್ನೆಗೆ ಕಚೇರಿಯಿಂದ ಕೊನೆಯವರೆಗೂ ಉತ್ತರ ಹೋಗಲಿಲ್ಲ.

ದನ ಮೇಯುವ ಗೋದಲಿಗೆ ಇಟ್ಟಂಗಿ ಅಡ್ಡ ಇಟ್ಟು ಮೂರು ಭಾಗ ಮಾಡಿದ. ಮೊದಲನೆಯದು ಕೊಡುವವರದು. ಎರಡನೆಯದು ಉತ್ತರವನ್ನೇ ಬರೆಯದವರದು. ಮೂರನೆಯದು ಬೈದವರದು. ಕಾಗದಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ಬಸ್ತಾ ಮಾಡಿ ಇಟ್ಟ. ಬೈದವರ ಬಸ್ತಾ ಮಾತ್ರ ವೈನಿಯ ಹೊಸ ಖಣದಲ್ಲಿ. ಕುಪ್ಪಸಕ್ಕೆಂದು ಎತ್ತಿಟ್ಟಿದ್ದ ಬಟ್ಟೆ ಅದು! ವೈನಿ ಎರಡು ದಿನ ಮಾತು ಬಿಟ್ಟಳು. ಅಣ್ಣ ಹೇಳಿದ್ದು ಇಷ್ಟೆ: “ಬೈಯಾಕಾದ್ರೂ ಅವರು ನಮ್ಮ ಅರ್ಜಿ ಪೂರ್ತಿ ಓದ್ಯಾರ. ಅವರಿಗೆ ಮರ್ಯಾದಿ ಬ್ಯಾಡೇನು?”

ಕೊಡುವವರಲ್ಲಿ ಒಬ್ಬೊಬ್ಬರ ಸ್ವಭಾವವನ್ನೂ ಒಂದು ವಹಿಯಲ್ಲಿ ಬರೆದಿಡುತ್ತಿದ್ದ. ಗೋಕಾಕದ ಅರಳೆ ವ್ಯಾಪಾರಿಯೊಬ್ಬರು ಹೋದಾಗಲೆಲ್ಲ “ಇನ್ನೂ ಊಟ ಆಗಿಲ್ಲ, ಆಮ್ಯಾಲ ಬಾ” ಅನ್ನುತ್ತಿದ್ದರು. ಅಣ್ಣ ಒಂದು ದಿನ ರೊಟ್ಟಿ, ಎಣಗಾಯಿ ಪಲ್ಯ ಕಟ್ಟಿಸಿಕೊಂಡು ನಡೆದೇ ಹೋದ. ಅವರು ಬೆರಳು ನೆಕ್ಕಿ ಉಂಡರು. ಅರ್ಜಿ ತೆಗೆದರೆ, “ಊಟ ಆತು ನೋಡ, ಈಗ ನಿದ್ದಿ ಬರತೈತಿ” ಅಂದರು. ಸಂಜೆ ವಹಿಯಲ್ಲಿ ಬಿತ್ತು: ‘ಊಟದ ಮೊದಲು ಸಲ್ಲದು. ಊಟದ ನಂತರ ಸಲ್ಲದು. ತುತ್ತು ಬಾಯಲ್ಲಿದ್ದಾಗ ಕೇಳಬೇಕು.’ ಮುಂದಿನ ಸಲ ಹಾಗೇ ಕೇಳಿದ. ಮಾತಾಡಲಾಗದೆ ಅವರು ತಲೆಯಾಡಿಸಿದರು. ಒಂದು ಕರಿಹಲಗೆ ಬಂತು.

ನಾನು ಆ ಕಚೇರಿಗೆ ಸೇರಿದ್ದು ಹೇಗೆ? ಬಾಣಂತನಕ್ಕೆ ಹುಕ್ಕೇರಿಯಿಂದ ತವರಿಗೆ ಬಂದಿದ್ದೆ. ಮಡಿಲಲ್ಲಿ ಕೂಸು, ಕಣ್ಣಲ್ಲಿ ನಿದ್ದೆ. ಅಣ್ಣ ಅರ್ಜಿ ಹಿಡಿದು ಎದುರಿಗೆ ಕೂತ.

“ತಂಗಿ, ನಾ ಓದತೇನಿ, ನೀ ಕೇಳು. ನಿನಗ ಆಕಳಿಕಿ ಬಂದಲ್ಲಿ ಗೆರಿ ಹೊಡೀತೇನಿ.”

“ಯಾಕ?”

“ಕೊಡೂ ಹಿರಿಯಾರೂ ನಿನ್ನಂಗ ಅರ್ಧಾ ಕಲತವರು. ನಿನಗ ಬಂದಲ್ಲಿ ಅವರಿಗೂ ಬರತೈತಿ.”

“ಕೂಸ ನಿದ್ದಿ ಮಾಡಗೊಡೂದಿಲ್ಲೋ ಅಣ್ಣಾ. ನನಗ ಎಲ್ಲಾದಕ್ಕೂ ಬರತೈತಿ.”

ಕೇಳುವವನೇ ಅವನು? ಒಂದು ಅರ್ಜಿಯಲ್ಲಿ ನಾನು ಎಷ್ಟು ಆಕಳಿಸಿದೆನೆಂದರೆ, ಮೇಲೆ ‘ಮೆಹೆರಬಾನ’ ಎಂಬ ಸಂಬೋಧನೆ, ಕೆಳಗೆ ಅವನ ಸಹಿ, ಇವೆರಡೇ ಉಳಿದವು. ಮಾತಿಗೆ ತಪ್ಪದವನು, ಹಾಗೇ ಕಳಿಸಿದ. ಉತ್ತರವನ್ನೇ ಬರೆಯದ ಮಹನೀಯರೊಬ್ಬರು ಅದಕ್ಕೆ ಉತ್ತರ ಬರೆದರು: ‘ತಮಗೆ ಏನು ಬೇಕೆಂಬುದನ್ನು ತಿಳಿಸಬೇಕು.’ ಅಣ್ಣ ಆ ಕಾಗದವನ್ನು ಊರೆಲ್ಲ ತೋರಿಸಿಕೊಂಡು ಬಂದ.

ಎರಡನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಈಗ ನಾಲ್ಕಕ್ಷರ ಬರೆಯುತ್ತಿದ್ದರೆ ಅದು ಆ ಕೊಟ್ಟಿಗೆಯಲ್ಲಿ ಕೂತು ಕೇಳಿದ್ದರ ಫಲ. ಇವತ್ತಿಗೂ ಮಗಳಿಗೆ ಕಾಗದ ಬರೆದರೆ ‘ಕೃಪೆಯಾಗಬೇಕು’ ಎಂದೇ ಮುಗಿಸುತ್ತೇನೆ; ಅಳಿಯಂದಿರು ನಗುತ್ತಾರಂತೆ. ನಗಲಿ. ಇನ್ನೊಂದು ಮಧ್ಯಾಹ್ನ ಅವನ ಎದುರಿಗೆ ಕೂತು ಆ ಧ್ವನಿ ಕೇಳಲು ಸಿಕ್ಕರೆ, ನಾನು ಕಣ್ಣು ಮಿಟುಕಿಸುವುದೂ ಇಲ್ಲ.

ಇನ್ನು ನನ್ನ ತಪ್ಪಿನ ಮಾತು.

ಹುಕ್ಕೇರಿಯಲ್ಲಿ ಒಬ್ಬ ಸಾಹುಕಾರರು ಬಿಟ್ಟುಹೋದ ದತ್ತಿ ಇತ್ತು. ಐದು ಮಂದಿ ಹಿರಿಯರು ಕೂಡಿ, ಬಂದ ಅರ್ಜಿಗಳನ್ನು ಓದಿಸಿ ಕೇಳಿ, ವರ್ಷಕ್ಕೊಂದು ಊರಿಗೆ ಸಾಲಿ ಕೊಡುತ್ತಿದ್ದರು. ಅಣ್ಣ ಮನೆಮನೆಗೆ ಅಲೆದು ಹನ್ನೊಂದು ಹುಡುಗಿಯರ ತಂದೆಯರಿಂದ ಮಾತು ತೆಗೆದುಕೊಂಡ. ಕುರುಬರ ಓಣಿಯಲ್ಲೇ ನಾಲ್ಕು ಮನೆ ಒಪ್ಪಿದ್ದವು. ಅವನು ಬರೆದದ್ದರಲ್ಲೆಲ್ಲ ಅದು ದೊಡ್ಡ ಅರ್ಜಿ. ಅದನ್ನು ಹಿರಿಯರ ಮುಂದೆ ಗಟ್ಟಿಯಾಗಿ ಓದಬೇಕಾದ ಕಾರಕೂನ ಯಾರು? ನನ್ನ ಮಾವ.

ಆ ಮಾವನ ಮನೆಯಲ್ಲಿ ನಾನು ನಾಲ್ಕನೆಯ ಇಯತ್ತೆ ಪಾಸು! ಮದುವೆಯ ಮಾತುಕತೆಯಲ್ಲಿ ನಮ್ಮ ಸೋದರಮಾವ ಹಾಗೆ ಹೇಳಿಬಿಟ್ಟಿದ್ದ. ಅಣ್ಣನಿಗೆ ಇದು ಗೊತ್ತಿರಲಿಲ್ಲ. ಅವತ್ತು ಅವನು ಗೋಕಾಕದಲ್ಲಿ ಯಾವುದೋ ಕಚೇರಿಯ ಬಾಗಿಲು ಕಾಯುತ್ತಿದ್ದ.

ಕಳಿಸುವ ಮೊದಲು ಆ ಅರ್ಜಿಯನ್ನೂ ಅಣ್ಣ ನನಗೆ ಓದತೊಡಗಿದ. ನಡುವೆ ನಾಲ್ಕು ಸಾಲು ಬಂದವು, ನಾನು ಸಾಲಿ ಬಿಟ್ಟ ಸಂಗತಿ. ‘ಎರಡನೆಯ ಇಯತ್ತೆ’ ಎಂಬುದೊಂದೇ ನನ್ನ ಕಿವಿಗೆ ಬಿತ್ತು. ಮಾವ ಅದನ್ನು ಐದು ಮಂದಿಯ ಮುಂದೆ ಓದುತ್ತಿರುವುದು ಕಣ್ಣಿಗೆ ಕಟ್ಟಿತು. ನಿಜ ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಬಾಯಿ ಅಗಲಿಸಿ ಆಕಳಿಸಿದೆ.

ಅಣ್ಣ ಓದುವುದನ್ನು ನಿಲ್ಲಿಸಿದ. “ಖರೇನ ಬಂತೇನವಾ?”

“ಬಂತು.”

ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡ. ಲೇಖನಿ ಅದ್ದಿ ನಾಲ್ಕೂ ಸಾಲಿಗೆ ಗೆರೆ ಹೊಡೆದ.

ಎರಡು ತಿಂಗಳಿಗೆ ಉತ್ತರ ಬಂತು. ‘ಅರ್ಜಿ ಶಿಸ್ತಾಗಿದೆ. ಖೋಲಿಯ ಅಳತೆ, ಹುಡುಗಿಯರ ಹೆಸರು, ಎಲ್ಲ ಸರಿ ಇವೆ. ಆದರೆ ಶಾಲೆ ಇಲ್ಲದೆ ಯಾರಿಗೆ ಏನು ಹಾನಿಯಾಗಿದೆ ಎಂಬುದು ಮಂಡಳಿಗೆ ತಿಳಿಯಲಿಲ್ಲ.’ ಆ ವರ್ಷದ ಸಾಲಿ ಮೂಡಲಗಿಯ ಕಡೆಯ ಒಂದು ಹಳ್ಳಿಗೆ ಹೋಯಿತು. “ಚಲೋ ಬರದಾರ,” ಅಂದ ಅಣ್ಣ. “ನನಗ ಬರಿಯಾಕ ಬರೂದಿಲ್ಲ ತಂಗಿ. ಮಂದಿ ಬಾಗಿಲಾ ಬಡಿಯಾಕಷ್ಟ ಬರತೈತಿ.” ಆಗಲೂ ನಾನು ಬಾಯಿ ಬಿಡಲಿಲ್ಲ.

ಮರುವರ್ಷದೊಳಗೆ ಆ ಹನ್ನೊಂದರಲ್ಲಿ ಏಳು ಹುಡುಗಿಯರ ಮದುವೆಯಾಯಿತು. ಅಣ್ಣ ಏಳೂ ಮದುವೆಗೆ ಹೋಗಿ ಅಕ್ಕಿಕಾಳು ಹಾಕಿ, ಊಟ ಮಾಡದೆ ಮನೆಗೆ ಬಂದನಂತೆ. ಮುಂದಿನ ಪಂಚಮಿಗೆ ಹೋದಾಗ ಹೇಳಿಬಿಡಬೇಕು ಅಂದುಕೊಂಡಿದ್ದೆ. ಪಂಚಮಿಗೆ ಮೊದಲೇ ವಿಷಮಜ್ವರ ಬಂದು ಅಣ್ಣ ಹೋದ.

ಎಷ್ಟೋ ವರ್ಷದ ಮೇಲೆ ಮಾವನ ಮುಂದಾದರೂ ಒಪ್ಪಿಕೊಳ್ಳಬೇಕೆನಿಸಿತು. “ಮಾವಾರ, ನಾ ನಾಲ್ಕನೇತ್ತೆ ಪಾಸ ಅಲ್ರಿ. ಎರಡನೇತ್ತೆಗೆ ಬಿಟ್ಟಾಕಿ,” ಅಂದೆ. ಮುದುಕರು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಅದ ನೀ ಬಂದ ಮೂರನೇ ದಿನಕ್ಕ ಗೊತ್ತಾಗಿತ್ತವಾ. ಕಿರಾಣಿ ಚೀಟಿ ಬರಿ ಅಂದ್ರ, ಒತ್ತಕ್ಷರ ಬರತಾವಂತ ಅಕ್ಕಿ ಬ್ಯಾಡ, ಬೆಲ್ಲ ಬ್ಯಾಡ, ಎಣ್ಣಿ ಬ್ಯಾಡ ಅಂದಿ. ಬರೇ ಜೀರಗಿ ಬರದಿದ್ದಿ. ನಾವೆಲ್ಲಾ ಒಳಗ ಹೋಗಿ ನಕ್ಕಿದ್ವಿ.”

ಅವರು ಈಗಲೂ ನಕ್ಕರು. ನನಗೆ ನಗಲಾಗಲಿಲ್ಲ.

ಆ ನಾಲ್ಕು ಸಾಲು ನನ್ನ ಬಗ್ಗೆ ಬರೆದವು ಎಂದೇ ಬಹಳ ಕಾಲ ತಿಳಿದಿದ್ದೆ. ಅಣ್ಣ ಹೋದ ಮೇಲೆ ಆ ಅರ್ಜಿಯ ಕರಡು ಅವನ ಬಸ್ತಾದಲ್ಲಿ ಸಿಕ್ಕಿತ್ತು; ಗೆರೆಯ ಕೆಳಗಿನ ಸಾಲುಗಳು ಓದಿ ಓದಿ ನನಗೆ ಬಾಯಿಪಾಠವಾಗಿವೆ. ಹಿರಿಯರ ಮುಂದೆ ಯಾರೂ ಓದದ ಅವನ್ನು ಇಲ್ಲಿ ಬರೆಯುತ್ತೇನೆ:

‘ನನ್ನ ತಂಗಿಯನ್ನು ಎರಡನೆಯ ಇಯತ್ತೆಗೆ ಶಾಲೆ ಬಿಡಿಸಿದರು. ಮರುದಿನ ಮುಂಜಾನೆ ಅವಳು ಪಾಟಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ನಾನು ಅವಳನ್ನು ದಾಟಿಕೊಂಡು ಶಾಲೆಗೆ ಹೋದೆನು. ಒಂದು ಮಾತೂ ಆಡಲಿಲ್ಲ.’